ಕಾಫಿ ಗೂಡಂಗಡಿ: ಕಂಟೇನರ್, ಬಿದಿರು, ಬೋಲ್ಟ್ ಚೌಕಟ್ಟು – ಮೂರನ್ನೂ ಕಟ್ಟಿ ನೋಡಿದ ಮೇಲೆ

ಹಾಸನದಲ್ಲಿ ಒಂದು ಪಾರ್ಕಿನ ಪಕ್ಕ ನಾನೂ ನನ್ನ ತಂಗಿಯೂ ಫಿಲ್ಟರ್ ಕಾಫಿ ಮಾರುತ್ತೇವೆ. ಬೆಳಗ್ಗೆ ಆರಕ್ಕೆ ಶುರು, ಹನ್ನೊಂದಕ್ಕೆ ಮುಗಿಯಿತು. ದಿನಕ್ಕೆ ಸುಮಾರು 150 ಲೋಟ. ಎರಡು ವರ್ಷದಲ್ಲಿ ಮೂರು ಥರದ ಅಂಗಡಿ ಕಟ್ಟಿದ್ದೇವೆ. ಇಂಥ ಅಂಗಡಿ ಇಡಬೇಕೆಂದಿರುವವರು ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಜಾಗ ನಮ್ಮದಲ್ಲ, ಊರಿನದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪ್ರಮಾಣಪತ್ರ ಇದ್ದವರನ್ನು ಎಬ್ಬಿಸಲು 30 ದಿನದ ನೋಟಿಸ್ ಕೊಡಬೇಕು ಎಂದಿದೆ. ಅಂದರೆ ಎದ್ದು ಹೋಗುವ ದಿನ ಬರಬಹುದು ಎಂದೇ ಅರ್ಥ. ಹಾಗಾಗಿ ಬಿಚ್ಚಿ ಒಯ್ಯಲು ಬರದ ಅಂಗಡಿ ಎಷ್ಟೇ ಪರಿಸರಸ್ನೇಹಿಯಾಗಿದ್ದರೂ ನಮಗೆ ಕೆಲಸಕ್ಕೆ ಬರಲಿಲ್ಲ.

ಮೊದಲು ತಂದದ್ದು ಹತ್ತು ಅಡಿಯ ಹಳೇ ಕಂಟೇನರ್. ಹಡಗಿನಲ್ಲಿ ಓಡಾಡಿದ ಪೆಟ್ಟಿಗೆಗೆ ಇನ್ನೊಂದು ಜನ್ಮ ಕೊಡುತ್ತೇವೆ ಎಂಬ ಖುಷಿ ಇತ್ತು. ಬೀಗ ಗಟ್ಟಿ, ಕಳ್ಳರ ಭಯವಿಲ್ಲ. ಆದರೆ ಅದರ ಬಲದ ದೊಡ್ಡ ಪಾಲು ಇರುವುದು ಮಡಿಕೆ ಮಡಿಕೆಯಾದ ಗೋಡೆಯಲ್ಲಿ. ಕಿಟಕಿಗೆಂದು ಗೋಡೆ ಕೊಯ್ದ ಮೇಲೆ ಸುತ್ತ ಕಬ್ಬಿಣ ಬೆಸೆದು ಬಲ ತುಂಬಬೇಕಾಯಿತು. ಉಳಿಸಿದೆವು ಅಂದುಕೊಂಡ ಕಬ್ಬಿಣದ ಜಾಗಕ್ಕೆ ಹೊಸ ಕಬ್ಬಿಣ ಬಂತು. ಏಪ್ರಿಲ್‌ನಲ್ಲಿ ಒಳಗೆ ಒಲೆ, ಹೊರಗೆ ಬಿಸಿಲು. ಹತ್ತು ಗಂಟೆಗೆಲ್ಲ ತಂಗಿ ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡೇ ಹಾಲು ಕಾಯಿಸುತ್ತಿದ್ದಳು. ತೂಕ ಸುಮಾರು 1.3 ಟನ್. ಅಲ್ಲಾಡಿಸಬೇಕೆಂದರೆ ಕ್ರೇನೇ ಬೇಕು. ಭಾರವೆಲ್ಲ ನಾಲ್ಕು ಮೂಲೆಗೆ ಬಿದ್ದು ಫುಟ್‌ಪಾತಿನ ಕಲ್ಲುಗಳು ತಗ್ಗಿದವು. ಅವನ್ನು ನಾವೇ ಸರಿ ಮಾಡಿಸಿದೆವು.

ಆಮೇಲೆ ಬಿದಿರು. ನನಗೆ ಇವತ್ತಿಗೂ ಮನಸ್ಸಿಗೆ ಹತ್ತಿರವಾದದ್ದು ಇದೇ. ಬಿದಿರಿನ ಕಂಬ, ಮೇದಾರರು ಹೆಣೆದ ತಟ್ಟಿ, ಮೇಲೆ ಇಳಿಜಾರು ಚಾವಣಿ. ಒಳಗೆ ಗಾಳಿ ಆಡುತ್ತಿತ್ತು. ತಟ್ಟಿಯ ಸಂದಿಯಿಂದ ಬೆಳಗಿನ ಬಿಸಿಲು ಲೋಟಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ವಾಕಿಂಗ್ ಬಂದವರು ಕಾಫಿ ಮುಗಿದರೂ ಹೊರಡುತ್ತಿರಲಿಲ್ಲ.

ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ ಫಿಲ್ಟರಿನ ಮುಚ್ಚಳದ ಮೇಲೆ ತೆಳು ಹಳದಿ ಹುಡಿ ಕಂಡಿತು. ಕಾಫಿಪುಡಿ ಇರಬೇಕು ಅಂತ ಒರೆಸಿದೆ. ಮಾರನೇ ದಿನವೂ ಅಷ್ಟೇ ಹುಡಿ. ತಲೆಯೆತ್ತಿ ನೋಡಿದರೆ ಗಳದಲ್ಲಿ ಗುಂಡುಸೂಜಿ ಚುಚ್ಚಿದಂತೆ ಸಾಲಾಗಿ ತೂತುಗಳು. ಬಿದಿರಿನೊಳಗಿನ ಪಿಷ್ಟಕ್ಕೆ ಕೊರೆಯುವ ಹುಳು ಬರುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕದಡಿದ ನೀರಿನಲ್ಲಿ ದಿನಗಟ್ಟಲೆ ನೆನೆಸಿದರೆ ಬರುವುದಿಲ್ಲ. ನಮಗೆ ಮಾರಿದವರು ನೆನೆಸಿದ್ದೇವೆ ಎಂದಿದ್ದರು. ನೆನೆಸಿರಲಿಲ್ಲ. ಆಮೇಲೆ ಹಿತ್ತಲಲ್ಲಿ ಗುಂಡಿ ತೋಡಿ, ಟಾರ್ಪಾಲ್ ಹಾಸಿ, ಗಿಣ್ಣುಗಳಿಗೆ ಒಳಗಿನಿಂದ ತೂತು ಹೊಡೆದು ನಾವೇ ಹೊಸ ಗಳ ನೆನೆಸಿದೆವು. ಹುಳು ನಿಂತಿತು.

ನಿಲ್ಲದ ತೊಂದರೆ ಬೇರೆಯೇ ಇತ್ತು. ಒಂದು ಗಳದಂತೆ ಇನ್ನೊಂದು ಗಳ ಇರುವುದಿಲ್ಲ. ಹಾಗಾಗಿ ಪ್ರತಿ ಕೀಲೂ ಒಂದೇ ಜಾಗಕ್ಕೆ ಹೊಂದುತ್ತದೆ. ಬಿಚ್ಚಿ ಮತ್ತೆ ಕಟ್ಟುವಾಗ ಯಾವುದು ಎಲ್ಲಿಗೆ ಅಂತ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಒಂದು ಗಳ ಸೀಳಿದರೆ ಅದರ ಬದಲಿಗೆ ಅಂಥದ್ದೇ ಇನ್ನೊಂದು ಸಿಗುವುದಿಲ್ಲ. ಒಂದೇ ಕಡೆ ನಿಲ್ಲುವ ಅಂಗಡಿಯಾದರೆ ಕಣ್ಣುಮುಚ್ಚಿ ಬಿದಿರು ಅನ್ನುತ್ತೇನೆ. ನಮ್ಮದು ಓಡಾಡುವ ಅಂಗಡಿ, ಅಲ್ವಾ?

ಮೂರನೆಯದು ಈಗ ಇರುವುದು. 40 ಎಂಎಂ ಚೌಕ ಪೈಪಿನ ಚೌಕಟ್ಟು, ಅದಕ್ಕೆ ಪ್ಲೈವುಡ್ ಹಲಗೆ. ಇದರ ಅಳತೆ ಕೂರಿಸಲು ತಂಗಿ ವಾರಗಟ್ಟಲೆ ಕಾಗದದ ಮೇಲೆ ಗೀಚಿದಳು. ಪ್ಲೈವುಡ್ ಹಾಳೆ ಬರುವುದು 8 ಅಡಿಗೆ 4 ಅಡಿ. ಅದನ್ನು ನಡುವೆ ಕೊಯ್ದರೆ ಸರಿಯಾಗಿ ಎರಡು ಚೌಕ, ಚೂರೂ ವ್ಯರ್ಥವಿಲ್ಲ. ಹಾಗಾಗಿ ಇಡೀ ಅಂಗಡಿಯನ್ನೇ 8 ಅಡಿ ಉದ್ದ, 4 ಅಡಿ ಅಗಲ, 8 ಅಡಿ ಎತ್ತರ ಮಾಡಿದೆವು. ಸುತ್ತಲೂ ನಾಲ್ಕಡಿ ಚೌಕದ 12 ಹಲಗೆ. ಒಂದೊಂದೂ ಸುಮಾರು 12 ಕೆಜಿ, ತಂಗಿ ಒಬ್ಬಳೇ ಎತ್ತುತ್ತಾಳೆ. ಯಾವ ಹಲಗೆ ಯಾವ ಜಾಗಕ್ಕಾದರೂ ಕೂರುತ್ತದೆ. ಮುಂದಿನ ಮೇಲಿನ ಎರಡನ್ನು ಎತ್ತಿ ಊರುಗೋಲು ಕೊಟ್ಟರೆ ಅದೇ ನೆರಳು. ಬೋಲ್ಟ್ ಎಲ್ಲವೂ 10 ಎಂಎಂ, ಒಂದೇ 17ರ ಸ್ಪ್ಯಾನರ್ ಸಾಕು.

ಹಲಗೆಯ ಮರ ಸಿಲ್ವರ್ ಓಕ್. ಕಾಫಿ ತೋಟದಲ್ಲಿ ಗಿಡಕ್ಕೆ ನೆರಳು ಕೊಟ್ಟು, ಮೆಣಸಿನ ಬಳ್ಳಿ ಹೊತ್ತು ನಿಲ್ಲುವ ಮರ ಇದು. ಸಕಲೇಶಪುರದ ಕಡೆಯ ಕಾಫಿ ಮಾರುವ ಅಂಗಡಿಗೆ ಅದೇ ತೋಟದ ಮರದ ಗೋಡೆ ಎಂಬುದು ನನಗೆ ಬಹಳ ಹಿತ.

ಮೊದಲ ಮಳೆಗೆ ಹಲಗೆ ಸೇರುವ ಕಡೆ ನೀರು ಒಳಗೆ ಬಂತು. ಹೆಂಚು ಹೊದಿಸಿದ ಹಾಗೆ ಮೇಲಿನದು ಕೆಳಗಿನದರ ಮೇಲೆ ಇಳಿಯಬೇಕಿತ್ತು. ಒಂದಿಂಚು ಅಲ್ಯೂಮಿನಿಯಂ ಪಟ್ಟಿ ಹೊಡೆದ ಮೇಲೆ ನಿಂತಿತು. ಪ್ಲೈವುಡ್ಡಿನ ಅಂಚಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯಲೇಬೇಕು. ಬಿಟ್ಟರೆ ಪದರ ಬಿಡುತ್ತದೆ.

ನಿಜವಾದ ಪರೀಕ್ಷೆ ಹಾಸನಾಂಬೆಯ ಬಾಗಿಲು ತೆಗೆದಾಗ. ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ, ಕೆಲವೇ ದಿನ. ಊರು ತುಂಬಿ ತುಳುಕುತ್ತದೆ. ಜನ ಇರುವ ಕಡೆ ಅಂಗಡಿ ಹೋಗಬೇಕು. ಮೊದಲ ವರ್ಷ ಕಂಟೇನರ್ ಇದ್ದಲ್ಲೇ ನಿಂತಿತ್ತು. ಕಳೆದ ಸಲ ಈಗಿನ ಅಂಗಡಿಯನ್ನು ಇಬ್ಬರೇ 50 ನಿಮಿಷದಲ್ಲಿ ಬಿಚ್ಚಿದೆವು. ಒಟ್ಟು ಸುಮಾರು 250 ಕೆಜಿ, ಗೂಡ್ಸ್ ಆಟೋದಲ್ಲಿ ಒಂದೇ ಟ್ರಿಪ್. ಕಟ್ಟಲು ಇನ್ನೊಂದು ತಾಸು.

ಒಲೆಯ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಸೋಲಾರ್ ಮತ್ತು ಇಂಡಕ್ಷನ್ ಹಾಕಿ ನೋಡಿದೆವು. 150 ಲೋಟಕ್ಕೆ ಹಾಲು, ನೀರು ಸೇರಿ 15 ಲೀಟರ್. ಅದನ್ನು ಕಾಯಿಸಲು ಲೆಕ್ಕದಲ್ಲೇ ಒಂದೂಕಾಲು ಯೂನಿಟ್ ಬೇಕು. ಹಾಲನ್ನು ಮತ್ತೆ ಮತ್ತೆ ಬಿಸಿ ಮಾಡುವುದು ಸೇರಿದರೆ ಎರಡರಷ್ಟು. ನಮ್ಮ ವ್ಯಾಪಾರ ಸೂರ್ಯ ಮೇಲೆ ಬರುವ ಮೊದಲೇ ಅರ್ಧ ಮುಗಿದಿರುತ್ತದೆ. ಮಳೆಗಾಲದಲ್ಲಂತೂ ಬ್ಯಾಟರಿ ತುಂಬಲೇ ಇಲ್ಲ. ಈಗ ಹಾಲಿಗೆ ಗ್ಯಾಸ್. ದೀಪಕ್ಕೆ, ಫ್ಯಾನಿಗೆ, ನೀರಿನ ಪಂಪಿಗೆ ಸೋಲಾರ್.

ಲೋಟದ ವಿಷಯಕ್ಕೆ ಮಾತ್ರ ನಾನು ಬಗ್ಗುವುದಿಲ್ಲ. ಪೇಪರ್ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಗೊಬ್ಬರದ ಗುಂಡಿಗೆ ಹಾಕಲು ಬರುವುದಿಲ್ಲ. ಮಣ್ಣಿನ ಲೋಟ ಚೆಂದ. ಆದರೆ ಒಂದು ಸಲ ಕುಡಿದು ಒಡೆಯುವುದಕ್ಕಾಗಿ ಮಣ್ಣು ಸುಡುವುದು ನಮಗೆ ಸರಿ ಕಾಣಲಿಲ್ಲ. ಸ್ಟೀಲ್ ಲೋಟವೇ ಉಳಿಯಿತು. ಮೂರು ಟಬ್ಬಿನಲ್ಲಿ ತೊಳೆದರೆ ದಿನಕ್ಕೆ ಸುಮಾರು 40 ಲೀಟರ್ ನೀರು, ಅಂದರೆ ಎರಡು ಕ್ಯಾನ್. ಕೊಳೆ ನೀರನ್ನು ಅಲ್ಲಿ ಚೆಲ್ಲುವುದಿಲ್ಲ, ಖಾಲಿಯಾದ ಕ್ಯಾನಿಗೇ ತುಂಬುತ್ತೇವೆ. ದಿನದ ಎರಡು ಕೆಜಿ ಒದ್ದೆ ಕಾಫಿ ಚರಟ ಪಾರ್ಕಿನ ಮಾಲಿಯ ಗೊಬ್ಬರದ ಗುಂಡಿಗೆ ಹೋಗುತ್ತದೆ.

ಆ ಕ್ಯಾನುಗಳಿಂದ ಇನ್ನೊಂದು ಉಪಯೋಗ ಆಯಿತು. ಹಗುರ ಅಂಗಡಿಗೆ ಆಷಾಢದ ಗಾಳಿಯ ಭಯ. ಅವನ್ನು ಗಾಳಿ ಬೀಸುವ ಕಡೆಯ ಎರಡು ಮೂಲೆಗೆ, ಚೌಕಟ್ಟಿನ ತಳಕ್ಕೇ ಬಿಗಿದಿದ್ದೇವೆ. ಬೆಳಗ್ಗೆ ಒಳ್ಳೇ ನೀರು, ಹನ್ನೊಂದಕ್ಕೆ ಕೊಳೆ ನೀರು. ಭಾರ ಅಷ್ಟೇ ಇರುತ್ತದೆ. ಬೇಸಿಗೆಯಲ್ಲಿ ಹಿಂದಿನ ಎರಡು ಹಲಗೆ ತೆಗೆದು, ಹಳೇ ಅಂಗಡಿಯ ಬಿದಿರಿನ ತಟ್ಟಿಯನ್ನು ನಾಲ್ಕಡಿಗೆ ಕತ್ತರಿಸಿ ಅಲ್ಲಿ ಕೂರಿಸುತ್ತೇವೆ.