ಬೆಂಗಳೂರಿಂದ ಪುಣೆಗೆ ಮೀನು, ಕೋರಲ್ ಸಾಗಣೆ: ಶಿವಾಜಿನಗರದ ಪ್ಯಾಕಿಂಗ್‌ಗೆ ಐದಕ್ಕೆ ನಾಲ್ಕು

ಸಮುದ್ರದ ಮೀನು ಸಾಕುವ ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡವರು ಊರು ಬದಲಾಯಿಸುತ್ತೇವೆ ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು: ಇಲ್ಲೇ ಮಾರಿಬಿಡಿ, ಅಲ್ಲಿ ಹೊಸದು ತಗೊಳ್ಳಿ. ನನಗೆ ಮನಸ್ಸಾಗಲಿಲ್ಲ. ಕೆಲಸ ಪುಣೆಗೆ ಹೋದಾಗ ಜೋಡಿ ಕ್ಲೌನ್ ಮೀನು, ಒಂದು ಟ್ಯಾಂಗ್ ಮೀನು, ಒಂದು ಕ್ಲೀನರ್ ಸಿಗಡಿ, ಅಂಗೈಯಗಲದ ಲೆದರ್ ಕೋರಲ್ (ಮೆತ್ತನೆಯ ಹವಳ), ಜೊವಾಂಥಿಡ್ (ಪುಟ್ಟ ಹೂವಿನಂಥ, ಹವಳದ ಬಂಧು ಜೀವಿಗಳು) ಹಬ್ಬಿದ ಕಲ್ಲು, ಎಲ್ಲವೂ ನನ್ನ ಜೊತೆಗೇ ಬಂದವು. ಪ್ಯಾಕ್ ಮಾಡಿಕೊಟ್ಟದ್ದು ಬೆಂಗಳೂರಿನ ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಆಸುಪಾಸಿನ ಒಂದು ಪುಟ್ಟ ಅಕ್ವೇರಿಯಂ ಅಂಗಡಿ. ಬೋರ್ಡಿನ ಬಣ್ಣ ಹೋಗಿ ಹೆಸರು ಓದುವುದೇ ಕಷ್ಟ. ಮಾಲೀಕರನ್ನು ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಫೋನ್ ಮಾಡಿದಾಗ ಭಾಯ್ ಮೊದಲು ಕೇಳಿದ್ದು ದೂರ ಎಷ್ಟು ಅಂತ ಅಲ್ಲ. "ಗಟ್ಟಿ ಕೋರಲ್ ಇದೆಯಾ ಮೇಡಂ? ಇದ್ದರೆ ನಾವು ಮುಟ್ಟಲ್ಲ." ಇದೊಂದೇ ಮಾತಿಗೆ ನಾನು ಅರ್ಧ ಅಂಕ ಕೊಟ್ಟುಬಿಟ್ಟೆ. ಕಲ್ಲಿನಂಥ ಅಸ್ಥಿ ಕಟ್ಟುವ ಕೋರಲ್‌ಗಳನ್ನು 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿಗೆ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿಯದು. ಸಮುದ್ರಕುದುರೆಯೂ ಅದೇ ವರ್ಷ ಅದೇ ಪಟ್ಟಿಗೆ ಸೇರಿತು. ಹಾಗಿದ್ದೂ "ನಿಮಗೆ ಬೇಕಾ, ತರಿಸಿಕೊಡ್ತೀನಿ" ಅಂತ ಮೆಲ್ಲಗೆ ಕೇಳುವವರು ಇದ್ದೇ ಇದ್ದಾರೆ. ಈ ಅಂಗಡಿಯಲ್ಲಿ ಆ ವ್ಯವಹಾರ ಇಲ್ಲ. ನನ್ನ ಹತ್ತಿರ ಇರುವುದು ಮೆತ್ತನೆಯ ಜಾತಿಯವು ಮಾತ್ರ ಅಂತ ಫೋಟೊ ಕಳಿಸಿದ ಮೇಲೇ ಒಪ್ಪಿಕೊಂಡರು.

ಹೊರಡುವ ದಿನ ಸಂಜೆ ಅಂಗಡಿಯ ಹುಡುಗ ಸಣ್ಣ ಆಕ್ಸಿಜನ್ ಸಿಲಿಂಡರ್, ಪಾಲಿಥಿನ್ ಚೀಲದ ಕಟ್ಟು, ಥರ್ಮೋಕೋಲ್ ಬಾಕ್ಸು ಹಿಡಿದು ಮನೆಗೇ ಬಂದ. ಮೀನಿಗೆ ಎರಡು ದಿನ ಮೊದಲೇ ಊಟ ನಿಲ್ಲಿಸಲು ಹೇಳಿದ್ದರು. ಹೊಟ್ಟೆ ಖಾಲಿ ಇದ್ದರೆ ಚೀಲದಲ್ಲಿ ಹೊಲಸು ಕಡಿಮೆ, ಅದರಿಂದ ಬರುವ ಅಮೋನಿಯಾ ಅನ್ನುವ ವಿಷವೂ ಕಡಿಮೆ. ಕ್ಲೌನ್‌ಗಳು ಗಾಜಿಗೆ ಮೂತಿ ಒತ್ತಿ ಬೇಡಿದವು, ಆದರೂ ಕೊಡಲಿಲ್ಲ.

ಹುಡುಗನ ಕೈಕೆಲಸ ನೋಡುವಂತಿತ್ತು. ಒಂದರೊಳಗೊಂದು ಎರಡು ಚೀಲ. ಕೆಳಗಿನ ಎರಡು ಮೂಲೆಗಳನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಿದ, ಚೂಪು ಮೂಲೆಯಲ್ಲಿ ಮೀನು ಸಿಕ್ಕಿಕೊಳ್ಳಬಾರದು ಅಂತ. ಮೂರರಲ್ಲಿ ಒಂದು ಪಾಲು ತೊಟ್ಟಿಯ ನೀರು, ಉಳಿದದ್ದಕ್ಕೆ ಆಕ್ಸಿಜನ್. ಮೊದಲು ಚೀಲದೊಳಗಿನ ಗಾಳಿಯನ್ನೆಲ್ಲ ಹಿಂಡಿ ತೆಗೆದು, ಆಮೇಲೆ ಪೈಪ್ ಇಟ್ಟು ಚೆಂಡಿನ ಹಾಗೆ ಬಿಗಿಯಾಗುವವರೆಗೆ ತುಂಬಿಸಿದ. ಟ್ಯಾಂಗ್ ಹಿಡಿಯಲು ಬಲೆ ಮುಟ್ಟಲೇ ಇಲ್ಲ. ಅದರ ಬಾಲದ ಬುಡದಲ್ಲಿ ಎರಡೂ ಕಡೆ ಚಾಕುವಿನಂಥ ಮುಳ್ಳು ಇರುತ್ತದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬ ಮುಳುಗಿಸಿ ನೀರಿನ ಸಮೇತ ಎತ್ತಿದ. ಅದೇ ಮುಳ್ಳಿನ ಕಾರಣಕ್ಕೆ ಅದಕ್ಕೆ ಮೂರು ಚೀಲ.

ಕೋರಲ್ ವಿಷಯದಲ್ಲಿ ಇನ್ನೂ ಜಾಣ. ಲೆದರ್ ಕೋರಲ್ಲನ್ನು ನೀರೊಳಗೇ ಮೆಲ್ಲಗೆ ಅಲ್ಲಾಡಿಸಿ, ಅದು ಪೂರ್ತಿ ಮುದುಡಿಕೊಂಡ ಮೇಲೆ ಎತ್ತಿದ. ಸಣ್ಣ ಜೊವಾಂಥಿಡ್ ತುಂಡುಗಳನ್ನು ಥರ್ಮೋಕೋಲ್ ಚೂರಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ತಲೆಕೆಳಗಾಗಿ ಬಿಟ್ಟ. ಥರ್ಮೋಕೋಲ್ ಮೇಲೆ ತೇಲುತ್ತದೆ, ಕೋರಲ್ ಕೆಳಗೆ ನೀರಲ್ಲಿ ತೂಗುತ್ತಿರುತ್ತದೆ. ಎಷ್ಟು ಕುಲುಕಿದರೂ ಚೀಲಕ್ಕೆ ಉಜ್ಜುವುದಿಲ್ಲ. ಇದನ್ನೆಲ್ಲ ಮಾಡುವಾಗ ಗ್ಲೌಸ್, ಕನ್ನಡಕ ಎರಡೂ ಹಾಕಿಕೊಂಡಿದ್ದ. ಕೆಲವು ಜೊವಾಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಕಡು ವಿಷ ಇರುತ್ತದೆ. ಗಾಯವಾದ ಕೈಯಲ್ಲಿ ಮುಟ್ಟುವುದು, ಕಲ್ಲನ್ನು ಬಿಸಿನೀರಲ್ಲಿ ತೊಳೆಯುವುದು, ಬ್ರಶ್ಶಲ್ಲಿ ಉಜ್ಜುವುದು ಎಲ್ಲ ಅಪಾಯ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಯಾರೋ ಸುಮ್ನೆ ಸಹಾಯಕ್ಕೆ ಅಂತ ಕಲ್ಲು ತೊಳೆಯಲು ಹೋಗುವುದು ಬಹಳ ಸುಲಭ. ಹುಷಾರು.

ತೊಟ್ಟಿಯ ಹಳೇ ಮರಳು ಎಸೆಯಿರಿ ಅಂತ ಭಾಯ್ ಖಡಾಖಂಡಿತ ಹೇಳಿದ್ದರು. ವರ್ಷಗಟ್ಟಲೆ ಕೂತ ಮರಳನ್ನು ಕದಡಿದರೆ ಕೆಳಗಿನ ಕೊಳಕು ಎಲ್ಲ ಮೇಲೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂತೆಂದರೆ ಮುಗೀತು, ಅದು ಹೈಡ್ರೋಜನ್ ಸಲ್ಫೈಡ್. ಉಳಿಸಿಕೊಳ್ಳಬೇಕಾದದ್ದು ಕಲ್ಲು. ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಇರುವುದು ಅದರ ಮೈಯಲ್ಲಿ, ನೀರಿನಲ್ಲಿ ಹೆಚ್ಚೇನಿಲ್ಲ. ಕಲ್ಲುಗಳನ್ನು ಮುಚ್ಚಳದ ಡ್ರಮ್ಮಿನಲ್ಲಿ ನೀರಲ್ಲೇ ಮುಳುಗಿಸಿ, ಬ್ಯಾಟರಿ ಏರ್ ಪಂಪ್ ಹಾಕಿ ಒಯ್ದೆವು. ಹಳೇ ನೀರನ್ನೂ ಇಪ್ಪತ್ತು ಲೀಟರ್ ಕ್ಯಾನುಗಳಲ್ಲಿ ತುಂಬಿಕೊಂಡೆವು. ಅದು ಬ್ಯಾಕ್ಟೀರಿಯಾಗಾಗಿ ಅಲ್ಲ, ಅಲ್ಲಿ ಇಳಿದ ತಕ್ಷಣ ಅದೇ ಉಪ್ಪಿನಂಶದ ನೀರು ಕೈಗೆ ಸಿಗಲಿ ಅಂತ.

ದಾರಿಯ ಬಗ್ಗೆ ಹೇಳುವುದು ಕಡಿಮೆ. ಊಟ ಮುಗಿಸಿ ರಾತ್ರಿ ಹೊರಟೆವು. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಕತ್ತಲಲ್ಲೇ ದಾಟಿತು. ಬೆಳಕಾದ ಮೇಲೆ ಕಾರಿನ ಏಸಿ ಬಾಕ್ಸಿನ ಕಡೆ ತಿರುಗಿಸಿದೆವು, ಅಷ್ಟೇ. ಪ್ರತಿ ಟೀ ಅಂಗಡಿಯಲ್ಲಿ ಬಾಕ್ಸ್ ತೆಗೆದು ನೋಡೋಣ ಅಂತ ನನ್ನ ಗಂಡನಿಗೆ ಆಸೆ. ನಾನು ಬಿಡಲಿಲ್ಲ. ಕತ್ತಲೆಯಲ್ಲಿದ್ದರೆ ಮೀನು ಗಾಬರಿಯಾಗದೆ ಸುಮ್ಮನಿರುತ್ತದೆ, ಆಕ್ಸಿಜನ್ನೂ ಕಡಿಮೆ ಸಾಕು.

ಇನ್ನು ಗಾಜಿನ ತೊಟ್ಟಿಯ ಕಥೆ. ಅದನ್ನು ಮನೆ ಸಾಮಾನಿನ ಜೊತೆ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೆ ಕೊಟ್ಟಿದ್ದೆವು. ಹೆಸರು ಬೇಡ. ನಾಲ್ಕು ಅಡಿಯ ತೊಟ್ಟಿ, ಮರದ ಕ್ರೇಟ್ ಹಾಕಿ ನೆಟ್ಟಗೆ ನಿಲ್ಲಿಸಿ ತರಬೇಕು ಅಂತ ಬರೆಸಿದ್ದೆವು, ಕ್ರೇಟಿಗೆ ಬೇರೆ ದುಡ್ಡೂ ಕೊಟ್ಟಿದ್ದೆವು. ಪುಣೆಯಲ್ಲಿ ಲಾರಿ ಬಾಗಿಲು ತೆಗೆದಾಗ ತೊಟ್ಟಿ ಅಡ್ಡ ಮಲಗಿತ್ತು. ಕ್ರೇಟ್ ಇಲ್ಲ, ಮೇಲೆ ಹಾಸಿಗೆ, ಅದರ ಮೇಲೆ ಕುರ್ಚಿ. ಗಾಜು ಒಡೆದಿರಲಿಲ್ಲ, ಮೂಲೆಯ ಸಿಲಿಕಾನ್ ಬಿಟ್ಟಿತ್ತು. "ಗಾಜು ಒಡೆದಿಲ್ಲವಲ್ಲ" ಅಂದರು ಸೂಪರ್‌ವೈಸರ್. ಸಿಲಿಕಾನ್ ಬಿಟ್ಟ ತೊಟ್ಟಿಗೆ ಇನ್ನೂರೈವತ್ತು ಲೀಟರ್ ಸುರಿದರೆ ಅದಷ್ಟೂ ಹಾಲ್‌ನಲ್ಲಿ ಇರುತ್ತದೆ, ಅಲ್ವಾ? ದೊಡ್ಡ ತೊಟ್ಟಿ ಇದ್ದರೆ ಅಕ್ವೇರಿಯಂ ಕಟ್ಟುವವರಿಂದಲೇ ಕ್ರೇಟ್ ಹಾಕಿಸಿ, ಲೋಡ್ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ.

ನಮ್ಮನ್ನು ಕಾಪಾಡಿದ್ದು ಭಾಯ್ ಹೇಳಿದ್ದ ಇನ್ನೊಂದು ಮಾತು. "ಮೀನು ಕಾರಲ್ಲಿ, ತೊಟ್ಟಿ ಲಾರಿಯಲ್ಲಿ. ಮೀನೇ ಮೊದಲು ಮುಟ್ತದೆ ಮೇಡಂ. ಹೊಸ ಟಬ್ ಒಂದು ಒಯ್ಯಿರಿ." ಸೋಪು ಕಾಣದ ದೊಡ್ಡ ಪ್ಲಾಸ್ಟಿಕ್ ಟಬ್, ಹೀಟರ್, ನೀರನ್ನು ಅಲೆಯಾಡಿಸುವ ವೇವ್‌ಮೇಕರ್. ತೊಟ್ಟಿಗೆ ಮತ್ತೆ ಸಿಲಿಕಾನ್ ಹಾಕಿಸಿ ಅದು ಒಣಗುವವರೆಗೂ ಎಲ್ಲರ ಸಂಸಾರ ಆ ಟಬ್‌ನಲ್ಲೇ ನಡೆಯಿತು.

ಚೀಲ ಬಿಚ್ಚುವ ವಿಚಾರ ಜಾಸ್ತಿ ಜನಕ್ಕೆ ಗೊತ್ತಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹತ್ತಿರದ ಅಂಗಡಿಯಿಂದ ಮೀನು ತಂದರೆ ಚೀಲ ಬಿಚ್ಚಿಟ್ಟು, ಹನಿಹನಿಯಾಗಿ ತೊಟ್ಟಿಯ ನೀರು ಬಿಟ್ಟು ಒಗ್ಗಿಸುತ್ತೇವೆ. ದೂರದ ಪ್ರಯಾಣಕ್ಕೆ ಅದೇ ವಿಷವಾಗಬಹುದು. ಮೀನು ಉಸಿರಾಡಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಚೀಲದ ನೀರಲ್ಲೇ ಉಳಿದು ಪಿಎಚ್ ಇಳಿದಿರುತ್ತದೆ, ಅಂದರೆ ನೀರು ಹುಳಿಯ ಕಡೆ ಸರಿದಿರುತ್ತದೆ. ಪಿಎಚ್ ಇಳಿದಾಗ ಅಮೋನಿಯಾ ಬಹುಪಾಲು ಅಷ್ಟು ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದರೆ ಗ್ಯಾಸ್ ಹಾರಿ ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ಅಮೋನಿಯಾ ಆಗಿ ಮೀನಿನ ಕಿವಿರು ಸುಡುತ್ತದೆ. ಅದಕ್ಕೇ ಹುಡುಗ ಚೀಲದ ನೀರಿನ ಉಪ್ಪಿನಂಶ ಅಳೆದು 1.025 (ಸಿಹಿನೀರಿಗೆ ಹೋಲಿಸಿದ ತೂಕ) ಅಂತ ಬಾಕ್ಸಿನ ಮೇಲೆ ಮಾರ್ಕರಿನಲ್ಲಿ ಬರೆದಿದ್ದ. ಟಬ್ಬಿನ ನೀರನ್ನು ಮೊದಲೇ ಅಷ್ಟಕ್ಕೆ ತಂದು, ಕಟ್ಟಿದ ಚೀಲವನ್ನು ಹಾಗೇ ತೇಲಿಸಿ ಬಿಸಿ ಸಮ ಮಾಡಿ, ಬಿಚ್ಚಿದ ಕೂಡಲೇ ಮೀನು ಮಾತ್ರ ಆಚೆ. ಚೀಲದ ನೀರು ಮೋರಿಗೆ. ಸಿಗಡಿಯನ್ನು ಮಾತ್ರ ನಿಧಾನವಾಗಿ ಒಗ್ಗಿಸಿದೆ, ಅದಕ್ಕೆ ಉಪ್ಪಿನಂಶದ ಸಣ್ಣ ವ್ಯತ್ಯಾಸವೂ ಆಗಿಬರುವುದಿಲ್ಲ.

ಎಲ್ಲವೂ ಬದುಕಿದವು. ಟ್ಯಾಂಗ್ ಮೈಬಣ್ಣ ಕಳೆದುಕೊಂಡು ಮೂಲೆ ಹಿಡಿದಿತ್ತು, ಮರುದಿನ ಪಾಚಿ ಹಾಳೆಗೆ ಬಾಯಿ ಹಾಕಿತು. ಲೆದರ್ ಕೋರಲ್ ವಾರಗಟ್ಟಲೆ ಮುನಿಸಿಕೊಂಡು ಲೋಳೆ ಬಿಟ್ಟು, ಪೊರೆ ಕಳಚಿ, ಆಮೇಲೆ ಅರಳಿತು. ಅದರ ಜಾಯಮಾನವೇ ಅದು. ಅಮೋನಿಯಾ ಟೆಸ್ಟ್ ದಿನಾ ಮಾಡಿದೆ, ಟ್ಯೂಬಿನ ಬಣ್ಣ ಹಳದಿ ಬಿಟ್ಟು ಹಸಿರಿಗೆ ತಿರುಗಲಿಲ್ಲ, ಹಸಿರಾದರೆ ಅಮೋನಿಯಾ ಇದೆ ಅಂತ ಅರ್ಥ.

ಒಂದು ಅಂಕ ಕತ್ತರಿಸಿದ್ದೇಕೆ? ಮೇಲೆ ಹೇಳಿದ ಸೂಚನೆಗಳೆಲ್ಲ ಬಾಯಿಮಾತಿನಲ್ಲಿ ಬಂದವು. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಇಲ್ಲ. ಒಂದು ಹಾಳೆ ಪ್ರಿಂಟ್ ಮಾಡಿ ಕೊಟ್ಟರೆ ಎಷ್ಟು ಮೀನು ಉಳಿಯುತ್ತವೆ! ಜೀವದ ಗ್ಯಾರಂಟಿ ಇಲ್ಲ, ಸಾಗಣೆ ಅವರದಲ್ಲ. ಪ್ಯಾಕ್ ಮಾಡುವ ಹುಡುಗನೂ ಹೇಳಿದ ಹೊತ್ತಿಗಿಂತ ತುಂಬ ತಡವಾಗಿ ಬಂದ.

ಬಾಕ್ಸು, ಚೀಲ, ಹುಡುಗನ ಓಡಾಟ ಸೇರಿ ಮೂರು ಸಾವಿರದ ಚಿಲ್ಲರೆ ಆಯಿತು. ಬಾಕ್ಸಿನ ರೇಟಿನಲ್ಲಿ ಚೌಕಾಸಿ ನಡೆಯುತ್ತದೆ, ಆಕ್ಸಿಜನ್ ಚೀಲದ ರೇಟಿನಲ್ಲಿ ನಡೆಯುವುದಿಲ್ಲ. ಭಾನುವಾರ ಹೋಗಬೇಡಿ, ಗಿರಾಕಿಗಳ ನಡುವೆ ಭಾಯ್ ಮಾತಿಗೇ ಸಿಗುವುದಿಲ್ಲ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ಫೋನ್ ಮಾಡಿ ಸಿಲಿಂಡರ್ ತುಂಬಿಸಿದ್ದಾರಾ ಅಂತ ಕೇಳಿಕೊಳ್ಳಿ.