ಸಿಎಂಸಿ 0.5% ಕಣ್ಣಿನ ಡ್ರಾಪ್ಸ್: ಕೊಳ್ಳುವ ಮುಂಚೆ ಡಬ್ಬಿಯ ಸಣ್ಣಕ್ಷರ ಓದಿ

ಕಣ್ಣು ಉರಿ, ಮಣ್ಣು ಬಿದ್ದ ಹಾಗೆ ಚುಚ್ಚುತ್ತೆ ಎಂದು ಚಿಕ್ಕಬಳ್ಳಾಪುರದ ಮೆಡಿಕಲ್ ಸ್ಟೋರಿನಲ್ಲಿ ಡ್ರಾಪ್ಸ್ ಕೇಳುವವರು ಮೊದಲು ತಿಳಿಯಬೇಕಾದ್ದು: ಒಣಗಿದ ಕಣ್ಣಿಗೆ ತೇವ ಕೊಡುವ ಕೃತಕ ಕಣ್ಣೀರು ಬೇರೆ, ಕೆಂಪು ಇಳಿಸುವ ಡ್ರಾಪ್ಸ್ ಬೇರೆ. ನಾಫಜೋಲಿನ್ ಇರುವ ಎರಡನೆಯದು ರಕ್ತನಾಳಗಳನ್ನು ಕುಗ್ಗಿಸಿ ಕಣ್ಣನ್ನು ಬೆಳ್ಳಗೆ ಕಾಣಿಸುತ್ತದೆ, ಅಷ್ಟೇ. ಒಣಗುವಿಕೆ ಹಾಗೇ ಉಳಿಯುತ್ತದೆ, ದಿನವೂ ಹಾಕಿದರೆ ಕೆಂಪು ಇನ್ನೂ ಜೋರಾಗಿ ಮರಳುತ್ತದೆ. ಸ್ಟೀರಾಯ್ಡ್ ಬೆರೆಸಿದ ಡ್ರಾಪ್ಸನ್ನಂತೂ ವೈದ್ಯರು ಬರೆಯದೆ ಮುಟ್ಟಬೇಡಿ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಕೆಡುವ ರೋಗ), ಪೊರೆ ಎರಡಕ್ಕೂ ಅದು ದಾರಿ.

ಕೃತಕ ಕಣ್ಣೀರಿನಲ್ಲಿ ಶುರುವಿಗೆ ನಮ್ಮ ಆಯ್ಕೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಅಂದರೆ ಸಿಎಂಸಿ 0.5%. ತೆಳ್ಳಗಿರುತ್ತದೆ, ಹಾಕಿದ ಮೇಲೆ ದೃಷ್ಟಿ ಹೆಚ್ಚು ಮಂಜಾಗುವುದಿಲ್ಲ, ಗಾಡಿ ಓಡಿಸುವವರು ದೃಷ್ಟಿ ತಿಳಿಯಾಗುವವರೆಗೆ ತುಸು ಕಾದರೆ ಸಾಕು. 1% ಜೆಲ್ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಮಂಜು ಕವಿಯುತ್ತದೆ. ಅದು ಮಲಗುವ ಹೊತ್ತಿಗೆ ಸರಿ.

ಬ್ರ್ಯಾಂಡಿಗಿಂತ ಮುಖ್ಯ ಪ್ರಿಸರ್ವೇಟಿವ್, ಅಂದರೆ ಡ್ರಾಪ್ಸ್ ಕೆಡದಂತೆ ಬೆರೆಸುವ ರಾಸಾಯನಿಕ. ಡಬ್ಬಿಯ ಮೇಲೆ ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂದಿದ್ದರೆ ಪದೇ ಪದೇ ಹಾಕುವವರಿಗೆ ಅದು ಬೇಡ. ಅದು ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಭಾಗದ) ಮೇಲ್ಪದರವನ್ನೇ ಕೆಡಿಸುತ್ತದೆ, ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸಿಗೂ ಅಂಟುತ್ತದೆ. ರಿಫ್ರೆಶ್ ಟಿಯರ್ಸ್ ಎಂಬ ಸಿಎಂಸಿ ಬ್ರ್ಯಾಂಡಿನಲ್ಲಿರುವ ಸ್ಟೆಬಿಲೈಸ್ಡ್ ಆಕ್ಸಿಕ್ಲೋರೋ ಕಾಂಪ್ಲೆಕ್ಸ್ ಎಂಬ ಪ್ರಿಸರ್ವೇಟಿವ್ ಅದಕ್ಕಿಂತ ಸೌಮ್ಯ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ, ಒಂದು ಹೊತ್ತಿಗಾಗುವ ಪುಟ್ಟ ವಯಲ್ ತಗೊಳ್ಳಿ. ಬೆಲೆ ಜಾಸ್ತಿ, ನಿಜ. ಅಲ್ಲಿ ಉಳಿತಾಯ ನೋಡಬೇಡಿ.

ಬಾಟಲಿ ಬೇಗ ಖಾಲಿಯಾಗುತ್ತೆ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಹಾಕುವ ರೀತಿ. ಕಣ್ಣಲ್ಲಿ ಹಿಡಿಯುವುದು ಸುಮಾರು 30 ಮೈಕ್ರೋಲೀಟರ್. ಒಂದು ಹನಿಯೇ 30ರಿಂದ 50. ಎರಡನೆಯ ಹನಿ ಕೆನ್ನೆಗೆ ಹೋಗುತ್ತದೆ. ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಅಲ್ಲಿ ಮೂಡುವ ಜೋಳಿಗೆಗೆ ಒಂದೇ ಹನಿ ಬಿಡಿ. ತುದಿ ರೆಪ್ಪೆಗೆ ತಾಗಬಾರದು. ನಿಮಿಷ ಹೊತ್ತು ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒತ್ತಿ ಹಿಡಿಯಿರಿ. ಬೇರೆ ಡ್ರಾಪ್ಸೂ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ, ಜೆಲ್ ಕೊನೆಗೆ. ತೆರೆದ ಬಾಟಲಿಯ ಮೇಲೆ ತಾರೀಖು ಬರೆದಿಡಿ. ಕಂಪನಿ ಬೇರೆ ಅವಧಿ ಹೇಳದಿದ್ದರೆ ತಿಂಗಳಾದ ಮೇಲೆ ಎಸೆಯಿರಿ, ಅರ್ಧ ಉಳಿದಿದ್ದರೂ ಸರಿ.

ಈ ಡ್ರಾಪ್ಸಿಗೆ ಒಂದು ಮಿತಿಯಿದೆ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಕಟ್ಟಿಕೊಂಡು ಎಣ್ಣೆ ಹೊರಬಾರದಿದ್ದರೆ ಕಣ್ಣೀರು ಬೇಗ ಆವಿಯಾಗುತ್ತದೆ, ಬರಿ ಸಿಎಂಸಿ ಸಾಲದು. ಆಗ ಬಿಸಿ ಬಟ್ಟೆಯ ಶಾಖ ಬೇಕು: ಸುಮಾರು 40 ಡಿಗ್ರಿ, ಐದರಿಂದ ಹತ್ತು ನಿಮಿಷ. ಬಟ್ಟೆ ಎರಡೇ ನಿಮಿಷಕ್ಕೆ ಆರುವುದರಿಂದ ಮತ್ತೆ ಮತ್ತೆ ಬಿಸಿನೀರಲ್ಲಿ ಅದ್ದಬೇಕು. ಬಹಳ ಜನ ಇಲ್ಲೇ ಕೈಬಿಡುತ್ತಾರೆ. ನಂತರ ರೆಪ್ಪೆಯನ್ನು ಅಂಚಿನ ಕಡೆಗೆ ಹಗುರಾಗಿ ತೀಡಿ. ರೋಸ್ ವಾಟರ್, ಹರಳೆಣ್ಣೆ ಕಣ್ಣಿಗೆ ಬೇಡ, ಮನೆಯ ಸೀಸೆಯದು ಶುದ್ಧೀಕರಿಸಿದ್ದಲ್ಲ.

ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕದ ಹೊಗೆ, ಕ್ರಷರ್ ಧೂಳು, ಹೆಲ್ಮೆಟ್ ಗಾಜು ಎತ್ತಿಕೊಂಡ ಬೈಕ್ ಸವಾರಿ, ನೇರ ಮುಖಕ್ಕೆ ಬೀಸುವ ಫ್ಯಾನ್: ಇವು ನಡೆಯುತ್ತಿದ್ದರೆ ಯಾವ ಬಾಟಲಿಯೂ ಸಾಲದು. ಮೊಬೈಲ್ ನೋಡುವಾಗ ರೆಪ್ಪೆ ಬಡಿಯುವುದೂ ಅರ್ಧಕ್ಕಿಂತ ಕಡಿಮೆಯಾಗಬಹುದು. ನೆಗಡಿ, ಅಲರ್ಜಿಗೆ ನುಂಗುವ ಸೆಟಿರಿಜಿನ್ ಕೂಡ ಕಣ್ಣನ್ನು ಒಣಗಿಸುತ್ತದೆ. ಕಣ್ಣಲ್ಲಿ ನೀರು ಸುರಿಯುತ್ತದಲ್ಲ, ಒಣಗುವುದೆಲ್ಲಿಂದ ಎಂದು ಕೇಳುವವರಿದ್ದಾರೆ. ಒಣಗಿದ ಕಣ್ಣು ಕೆರಳಿದಾಗಲೇ ಹಾಗೆ ಸುರಿಯುವುದು.

ಎರಡು ಮೂರು ವಾರ ಸರಿಯಾಗಿ ಹಾಕಿಯೂ ಗುಣ ಕಾಣದಿದ್ದರೆ ಕಣ್ಣಿನ ವೈದ್ಯರಲ್ಲಿ ಶಿರ್ಮರ್ ಪರೀಕ್ಷೆ ಬಗ್ಗೆ ಕೇಳಿ: ಕಾಗದದ ಪಟ್ಟಿ ಐದು ನಿಮಿಷದಲ್ಲಿ 5 ಮಿಲಿಮೀಟರಿಗಿಂತ ಕಡಿಮೆ ಒದ್ದೆಯಾದರೆ ಕಣ್ಣೀರಿನ ಕೊರತೆ ತೀವ್ರ. ನೋವು, ಬೆಳಕು ನೋಡಲಾಗದಿರುವುದು, ರೆಪ್ಪೆ ಬಡಿದರೂ ಹೋಗದ ಮಂಜು ಇದ್ದರೆ ವಾರಗಟ್ಟಲೆ ಕಾಯದೆ ಅಂದೇ ಹೋಗಿ.