ಸಿರಿಂಜು, ಐಯುಐ, ಐವಿಎಫ್: ನಮಗೆ ಒಗ್ಗಿದ್ದು ಯಾವುದು

ಮಗುವಿಗಾಗಿ ನಾವು ನೋಡಿದ ಮೂರು ದಾರಿ ಇವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿರಿಂಜಿಗೆ, ಅಂದರೆ ಗಂಡನ ವೀರ್ಯವನ್ನು ಮನೆಯಲ್ಲೇ ಸಿರಿಂಜಿನಿಂದ ಯೋನಿಯೊಳಗೆ ಬಿಟ್ಟುಕೊಳ್ಳುವುದಕ್ಕೆ. ಸೂಜಿ ಇಲ್ಲದ ಸಾದಾ ಪ್ಲಾಸ್ಟಿಕ್ ಸಿರಿಂಜು, ಅಂಕೋಲೆಯ ಮೆಡಿಕಲ್ ಶಾಪಿನದು. ಮಗಳು ಹುಟ್ಟಿದ್ದು ಅದರಿಂದಲೇ.

ನಮ್ಮಿಬ್ಬರ ರಿಪೋರ್ಟೂ ಸರಿಯಿತ್ತು. ತೊಂದರೆ ಬೇರೆ, ನನಗೆ ವ್ಯಾಜಿನಿಸ್ಮಸ್. ಕೂಡುವ ಹೊತ್ತಿಗೆ ಒಳಗಿನ ಸ್ನಾಯು ತಾನಾಗಿ ಬಿಗಿದುಕೊಳ್ಳುತ್ತದೆ, ನಾನು ಬೇಡ ಅಂದರೂ ಕೇಳುವುದಿಲ್ಲ. "ಏನಾದ್ರೂ ವಿಶೇಷ ಉಂಟಾ?" ಅನ್ನುವವರಿಗೆ ಇದನ್ನೆಲ್ಲ ಹೇಳಲಿಕ್ಕಾಗುತ್ತದಾ?

ಮೊದಲು ಹೋಗಿದ್ದು ಹುಬ್ಬಳ್ಳಿಗೆ, ಐಯುಐ ಮಾಡಿಸಲು. ವೀರ್ಯ ತೊಳೆದು ತೆಳು ನಳಿಕೆಯಲ್ಲಿ ನೇರ ಗರ್ಭಕೋಶಕ್ಕೆ ಬಿಡುತ್ತಾರೆ. ಕೂಡುವ ಗೋಜೇ ಇಲ್ಲ ಅಂತ ಖುಷಿಪಟ್ಟಿದ್ದೆ. ಆದರೆ ಅಂಡ ಬೆಳೆದಿದೆಯಾ ಅಂತ ನೋಡುವ ಸ್ಕ್ಯಾನೂ ಒಳಗಿಂದಲೇ. ನಳಿಕೆ ಹಾಕುವಾಗ ಸ್ಪೆಕ್ಯುಲಮ್ ಬೇರೆ, ಯೋನಿ ಅಗಲಿಸಿ ಹಿಡಿಯುವ ಸಾಧನ. ಯಾವುದಕ್ಕೆ ಹೆದರಿ ಅಲ್ಲಿಗೆ ಹೋದೆನೋ ಅದೇ ನೋವು. "ಸ್ವಲ್ಪ ಸಡಿಲ ಬಿಡಮ್ಮಾ" ಅಂತ ನರ್ಸ್ ಹೇಳಿದಷ್ಟೂ ಬಿಗಿ ಜಾಸ್ತಿ.

ಇವರ ಪಾಡು ಇನ್ನೊಂದು. ಸ್ಯಾಂಪಲ್ ಸುಮಾರು ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಒಂದು ಗಂಟೆಯಲ್ಲಿ ಹುಬ್ಬಳ್ಳಿ ಮುಟ್ಟುವುದುಂಟಾ? ಹಾಗಾಗಿ ಅಲ್ಲೇ ಕೊಡಬೇಕು. ಕೊಟ್ಟ ಜಾಗ ಚಿಲಕ ಸರಿ ಕೂರದ ಬಾತ್‌ರೂಮು, ಹೊರಗೆ ಕಾಯುವವರ ಮಾತು. ಬೆಳಗಿನ ಬಸ್ಸಿನಲ್ಲಿ ತಿರುವು ತಿರುವಿಗೂ ಹೊಟ್ಟೆ ತೊಳಸಿಕೊಂಡು ಬಂದ ಮನುಷ್ಯನಿಗೆ ಮನಸ್ಸಾದರೂ ಹೇಗೆ ಬರಬೇಕು? ಒಂದು ಸಲವಂತೂ ಖಾಲಿ ಡಬ್ಬಿ ಹಿಡಿದೇ ಹೊರಗೆ ಬಂದರು. ಅಂಡ ಬೆಳೆಯಲಿ ಅಂತ ನನಗೆ ಆ ತಿಂಗಳು ಕೊಟ್ಟ ಇಂಜೆಕ್ಷನ್ ದುಡ್ಡೆಲ್ಲ ಸುಮ್ನೆ ಹೋಯಿತು.

ಐವಿಎಫ್ ವಿಚಾರಿಸಿದೆವು ಅಷ್ಟೆ. ಅಂಡ ಹೊರತೆಗೆದು, ಲ್ಯಾಬಿನಲ್ಲಿ ವೀರ್ಯಾಣು ಜೊತೆ ಸೇರಿಸಿ, ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು ಅದು. ಅಂಡ ತೆಗೆಯುವಾಗ ಮಂಪರು ಬರಿಸುತ್ತಾರೆ, ಅದೊಂದು ಸಮಾಧಾನ. ಆದರೆ ಅದು ಹೆಚ್ಚಾಗಿ ಅಂಡನಾಳ ಮುಚ್ಚಿದವರಿಗೆ, ವೀರ್ಯಾಣು ತೀರಾ ಕಡಿಮೆ ಇರುವವರಿಗೆ. ನಮಗ್ಯಾಕೆ ಲಕ್ಷದ ಲೆಕ್ಕದ ಖರ್ಚು?

ಸಿರಿಂಜಿನ ದಾರಿ ತೋರಿಸಿದ್ದು ಕಾರವಾರದ ಡಾಕ್ಟರಮ್ಮ. ಎಲ್‌ಎಚ್ ಅಂದರೆ ಅಂಡ ಬಿಡುಗಡೆಗೆ ಮೊದಲು ಏರುವ ಹಾರ್ಮೋನು, ಅದನ್ನು ತೋರಿಸುವ ಪಟ್ಟಿಯಲ್ಲಿ ಮೂತ್ರ ಪರೀಕ್ಷೆ ಮಾಡಬೇಕು. ಪರೀಕ್ಷೆಯ ಗೆರೆ ಗಾಢವಾದರೆ ಸಾಮಾನ್ಯವಾಗಿ 24ರಿಂದ 36 ಗಂಟೆಯಲ್ಲಿ ಅಂಡ ಬಿಡುಗಡೆಯಾಗುತ್ತದೆ. ಆ ದಿನವೂ ಮರುದಿನವೂ ಪ್ರಯತ್ನ. ವೀರ್ಯ ಹಿಡಿಯಲು ಸ್ಟೆರೈಲ್ ಡಬ್ಬಿ ಬೇಕು. ಎಣ್ಣೆ, ಜೆಲ್ಲಿ ಬೇಡ, ವೀರ್ಯಾಣುವಿಗೆ ಕೆಟ್ಟದ್ದು. ಅದನ್ನು ಸಿರಿಂಜಿಗೆ ಎಳೆದುಕೊಂಡು ಯೋನಿಯೊಳಗೆ ನಿಧಾನ ಬಿಟ್ಟರೆ ಸಾಕು. ತೊಳೆಯದ ವೀರ್ಯವನ್ನು ಗರ್ಭಕೋಶದವರೆಗೆ ನುಗ್ಗಿಸಲು ಹೋಗಲೇಬೇಡಿ, ಜೋರು ಸೆಳೆತ, ಸೋಂಕು ಬರಬಹುದು. ನನಗೆ ಹಿಡಿಸಿದ್ದು ಇಷ್ಟೇ: ಸಿರಿಂಜು ನನ್ನ ಕೈಯಲ್ಲೇ ಇತ್ತು, ನೋವಾದರೆ ನಿಲ್ಲಿಸುವವಳೂ ನಾನೇ.

ವಯಸ್ಸು 35 ದಾಟಿದ್ದರೆ ಆರು ತಿಂಗಳಿಗಿಂತ ಜಾಸ್ತಿ ಮನೆಯಲ್ಲೇ ಕಾಯಬೇಡಿ. ದಾನಿಯ ವೀರ್ಯ ಬೇಕಿದ್ದವರಿಗೆ ಈ ದಾರಿ ಅಲ್ಲ. 2021ರ ಎಆರ್‌ಟಿ (ಗರ್ಭಧಾರಣೆಗೆ ನೆರವಿನ ಚಿಕಿತ್ಸೆಗಳ) ಕಾನೂನಿನ ಪ್ರಕಾರ ಅದು ನೋಂದಾಯಿತ ವೀರ್ಯ ಬ್ಯಾಂಕಿನಿಂದಲೇ ಬರಬೇಕು.